ಎಡ ಯಾರದು, ಬಲ ಯಾರದು? ಹಳೆಯ ವಿಡಿಯೋ ಗೇಮ್‌ಗಳಿಗೆ ಕೈ ಪಳಗಿಸುವ ಬಗೆ

ಜುಲೈನ ಒಂದು ಮಧ್ಯಾಹ್ನ. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದುಕೊಂಡಿತ್ತು, ಶಾಲೆಗೆ ರಜೆ ಕೊಟ್ಟಿದ್ದರು. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದ. ಹದಿಮೂರು ವರ್ಷ ಅವನಿಗೆ. ಮೊಬೈಲಿನಲ್ಲಿ ಎರಡೇ ಹೆಬ್ಬೆರಳಲ್ಲಿ ಅವನು ಆಡುವ ವೇಗ ನೋಡಿದರೆ ಖುಷಿಯಾಗುತ್ತದೆ. ಅವನ ಕೈಗೆ 1996ರ ಮೊದಲ ರೆಸಿಡೆಂಟ್ ಈವಿಲ್ ಕೊಟ್ಟೆ. ಜೋಂಬಿಗಳು, ಅಂದರೆ ನಡೆದಾಡುವ ಹೆಣಗಳು, ತುಂಬಿದ ಬಂಗಲೆಯ ಭಯದ ಆಟ ಅದು. ಐದು ನಿಮಿಷ ಕೂಡ ಆಗಿರಲಿಲ್ಲ, ಕಂಟ್ರೋಲರ್ ಪಕ್ಕಕ್ಕಿಟ್ಟ. "ಮಾಮ, ಇದು ಹಾಳಾಗಿದೆ. ಎಡಕ್ಕೆ ಒತ್ತಿದ್ರೆ ಎಡಕ್ಕೆ ಹೋಗಲ್ಲ, ನಿಂತಲ್ಲೇ ಸುತ್ತುತ್ತೆ" ಅಂದ.

ಹಾಳಾಗಿರಲಿಲ್ಲ. ಅವನು ತನ್ನ ಎಡವನ್ನು ಒತ್ತುತ್ತಿದ್ದ. ಆಟ ಕೇಳುತ್ತಿದ್ದುದು ಪಾತ್ರದ ಎಡವನ್ನು. ಹಳೆಯ ಆಟಗಳ ಬಹುಪಾಲು ಗೊಂದಲ ಇಷ್ಟೇ. ಇದೊಂದನ್ನು ದಾಟಲಾರದೆ ಎಷ್ಟೋ ಜನ ಒಳ್ಳೊಳ್ಳೆ ಆಟಗಳನ್ನು ಮೊದಲ ಕೋಣೆಯಲ್ಲೇ ಬಿಟ್ಟುಬಿಡುತ್ತಾರೆ. ನನಗೆ ಅದು ನಿಜಕ್ಕೂ ಬೇಜಾರಿನ ಸಂಗತಿ. ಆ ವಾರ ಅವನಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಅರ್ಧ ಗಂಟೆಯ ಹಾಗೆ ನಾಲ್ಕೈದು ದಿನ ಕೊಡಿ, ಸಾಕು.

ಲಾರಿ ಕ್ಲೀನರ್‌ನ ಲೆಫ್ಟ್

ನಮ್ಮೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಅಂಗಳದಲ್ಲಿ ಲಾರಿ ರಿವರ್ಸ್ ತೆಗೆಯುವುದನ್ನು ನೋಡಿರುತ್ತೀರಿ. ಕ್ಲೀನರ್ ಕೆಳಗಿಳಿದು ನಿಂತು "ಬರ್ಲಿ, ಬರ್ಲಿ, ಲೆಫ್ಟ್ ಹೊಡಿ, ಲೆಫ್ಟು, ಹೋಲ್ಡಾನ್" ಅಂತ ಕೂಗುತ್ತಾನೆ. ಡ್ರೈವರ್‌ಗೆ ಎದುರಾಗಿ ನಿಂತಿದ್ದರೂ ಅವನು ಹೇಳುವುದು ಡ್ರೈವರ್‌ನ ಲೆಫ್ಟನ್ನು. ಅಂಗಳದ ಯಾವ ಮೂಲೆಗೆ ಹೋಗಿ ನಿಂತರೂ ಆ ಮಾತು ಬದಲಾಗುವುದಿಲ್ಲ.

ಹಳೆಯ ಆಟದಲ್ಲಿ ನೀವು ಆ ಕ್ಲೀನರ್. ಹುಡುಗ ಆಡಿಸುತ್ತಿದ್ದ ಹೆಣ್ಣು ಪಾತ್ರ ಡ್ರೈವರ್. ಮೇಲಿನ ಬಾಣ ಒತ್ತಿದರೆ "ಮುಂದೆ ನಡಿ" ಅಂತ ಅರ್ಥ, ಅವಳ ಮುಖ ಯಾವ ಕಡೆಗೇ ಇರಲಿ. ಎಡ ಬಾಣ ಒತ್ತಿದರೆ "ನಿನ್ನ ಎಡಕ್ಕೆ ತಿರುಗು". ಕೆಳಗಿನ ಬಾಣಕ್ಕೆ "ಹಿಂದಕ್ಕೆ ಸರಿ". ಯುದ್ಧದ ಟ್ಯಾಂಕ್ ನಿಂತಲ್ಲೇ ತಿರುಗಿ ಆಮೇಲೆ ಮುಂದಕ್ಕೆ ಹೋಗುತ್ತದಲ್ವಾ, ಅದಕ್ಕೇ ಈ ಪದ್ಧತಿಗೆ ಟ್ಯಾಂಕ್ ಕಂಟ್ರೋಲ್ ಅನ್ನುತ್ತಾರೆ.

ಹೀಗೆ ಯಾಕೆ ಮಾಡಿದರು ಅಂತ ತಿಳಿದರೆ ಕೈ ಬೇಗ ಒಪ್ಪಿಕೊಳ್ಳುತ್ತದೆ. ಆ ಆಟ ಓಡುತ್ತಿದ್ದ ಯಂತ್ರ, ಮೊದಲ ಪ್ಲೇಸ್ಟೇಷನ್‌ನಲ್ಲಿ ಇದ್ದ ಮುಖ್ಯ ಮೆಮೊರಿ ಬರೀ 2 ಮೆಗಾಬೈಟ್. ಬಂಗಲೆಯ ಒಂದೊಂದು ಕೋಣೆಯನ್ನೂ ಕುರ್ಚಿ, ಗಡಿಯಾರ, ಮೆಟ್ಟಿಲಿನ ಸಮೇತ ಆ ಕ್ಷಣದಲ್ಲೇ ಬಿಡಿಸಿ ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ಅದಕ್ಕೆ ಕೋಣೆಯನ್ನು ಮೊದಲೇ ಚಿತ್ರ ಮಾಡಿಟ್ಟುಕೊಂಡು, ಅದರ ಮೇಲೆ ಪಾತ್ರವನ್ನಷ್ಟೇ ಓಡಾಡಿಸಿದರು. ಸುಮಾರು ಇದೇ ಉಪಾಯ 1992ರ ಅಲೋನ್ ಇನ್ ದ ಡಾರ್ಕ್‌ನಲ್ಲೂ ಇತ್ತು. ಚಿತ್ರ ಅಲ್ಲಾಡುವುದಿಲ್ಲ, ಹಾಗಾಗಿ ಕ್ಯಾಮೆರಾವೂ ಅಲ್ಲಾಡುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಕೂರಿಸಿದ ಸಿಸಿಟಿವಿ ಇದ್ದ ಹಾಗೆ. ಪಾತ್ರ ಒಂದು ಗೆರೆ ದಾಟಿದ ಕೂಡಲೇ ಇನ್ನೊಂದು ಮೂಲೆಯ ಚಿತ್ರ ಬರುತ್ತದೆ.

ಈಗ ಯೋಚಿಸಿ. ಬಾಣಗಳು ಪರದೆಯ ಎಡ-ಬಲವನ್ನು ಹಿಡಿದು ಹೋಗಿದ್ದರೆ? ಈ ಚಿತ್ರದಲ್ಲಿ ಬಲಕ್ಕೆ ಓಡುತ್ತಿದ್ದವಳು ಮುಂದಿನ ಚಿತ್ರದಲ್ಲಿ ಎಡಕ್ಕೆ ಓಡುತ್ತಿರಬಹುದು. ನಿಮ್ಮ ಬೆರಳು ಇನ್ನೂ ಬಲಕ್ಕೇ ಒತ್ತಿರುತ್ತದೆ. ಅವಳು ಗರಕ್ಕನೆ ತಿರುಗಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತಾಳೆ. ಎದುರಿಗೆ ಬಾಯಿ ತೆರೆದುಕೊಂಡ ಜೋಂಬಿ ಬೇರೆ! ಪಾತ್ರದ ಎಡ-ಬಲ ಹಿಡಿದರೆ ಈ ತೊಂದರೆಯೇ ಇಲ್ಲ. ಕ್ಯಾಮೆರಾ ಹತ್ತು ಸಲ ಬದಲಾದರೂ "ಮುಂದೆ" ಮುಂದೆಯೇ. ಯೋಚಿಸಿ ಮಾಡಿದ ಉಪಾಯ ಇದು. ನನಗೆ ಇದರ ಬಗ್ಗೆ ಗೌರವ ಇದೆ.

ಮೊದಲ ಹೆಜ್ಜೆ: ಒಂದು ನಿಮಿಷದ ಪರೀಕ್ಷೆ

ಯಾವುದೇ ಹಳೆಯ ಆಟ ಶುರು ಮಾಡಿದಾಗ ಮೊದಲು ಪಾತ್ರದ ಮುಖ ನಿಮ್ಮ ಕಡೆಗೆ ಬರುವ ಹಾಗೆ ನಿಲ್ಲಿಸಿ. ಆಮೇಲೆ ಎಡಕ್ಕೆ ಒತ್ತಿ. ಪರದೆಯ ಎಡಕ್ಕೆ ನಡೆದರೆ ಆಟ ಪರದೆಯ ಲೆಕ್ಕ ಹಿಡಿದಿದೆ. ನಿಂತಲ್ಲೇ ತಿರುಗಿದರೆ ಪಾತ್ರದ ಲೆಕ್ಕ. ಇದು ಗೊತ್ತಾಗದೆ ಮುಂದಕ್ಕೆ ಹೋಗಬೇಡಿ. ಕೈಪಿಡಿ ಓದುವುದಕ್ಕಿಂತ ಈ ಒಂದು ನಿಮಿಷ ಜಾಸ್ತಿ ಕಲಿಸುತ್ತದೆ.

ಎರಡನೇ ಹೆಜ್ಜೆ: ಶತ್ರು ಇಲ್ಲದ ಜಾಗದಲ್ಲಿ ಇಪ್ಪತ್ತು ನಿಮಿಷ

ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ, ಕೈ ಕಲಿಯುವುದನ್ನೂ ಹೋರಾಡುವುದನ್ನೂ ಒಟ್ಟಿಗೇ ಶುರು ಮಾಡುವುದು. ಬೈಕ್ ಕಲಿಯುವವರನ್ನು ಮೊದಲ ದಿನವೇ ಮುಳ್ಳಯ್ಯನಗಿರಿ ತಿರುವುಗಳಿಗೆ ಯಾರೂ ಕಳಿಸುವುದಿಲ್ಲ. ಮೈದಾನದಲ್ಲಿ ಎಂಟು ಹಾಕಿಸುತ್ತಾರೆ. ಇಲ್ಲೂ ಹಾಗೇ ಮಾಡಿ.

ರೆಸಿಡೆಂಟ್ ಈವಿಲ್ ಶುರುವಾಗುವ ಕಡೆ ಉದ್ದ ಮೇಜಿನ ಊಟದ ಕೋಣೆ ಸಿಗುತ್ತದೆ. ಮೊದಲ ಜೋಂಬಿ ಇರುವುದು ಅದರಾಚೆ. ಹುಡುಗನಿಗೆ "ಆ ಬಾಗಿಲು ಇವತ್ತು ಮುಟ್ಟಬೇಡ" ಅಂದೆ. ಮೇಜಿನ ಪಕ್ಕದಲ್ಲಿ ಅತ್ತಿಂದಿತ್ತ ನಡೆಸಿದೆ. ಗೋಡೆಗೆ ತಾಗದ ಹಾಗೆ ಹೋಗಬೇಕು, ತಿರುಗಬೇಕು, ವಾಪಸ್ ಬರಬೇಕು. ಆಮೇಲೆ ಓಡುವ ಗುಂಡಿ ಹಿಡಿದು ಅದನ್ನೇ ಮಾಡಬೇಕು. ಕೊನೆಗೆ ಹಿಂದೆ ಹಿಂದೆ ಸರಿಯುವುದು.

ಎಲ್ಲಕ್ಕಿಂತ ಕಷ್ಟ, ಪಾತ್ರ ನಮ್ಮ ಕಡೆಗೆ ಮುಖ ಮಾಡಿ ಬರುವಾಗ. ಆಗ ಅವಳ ಎಡ ಪರದೆಯ ಬಲಕ್ಕಿರುತ್ತದೆ. ಅದಕ್ಕೆ ಅಭ್ಯಾಸದ ಅರ್ಧ ಸಮಯವನ್ನು ಇದೊಂದಕ್ಕೇ ಕೊಡಿ. ಬಾಯಿಬಿಟ್ಟು ಹೇಳಿಕೊಂಡರೆ ಬೇಗ ಬರುತ್ತದೆ. ನಮ್ಮ ಹುಡುಗ "ಲೆಫ್ಟ್ ಹೊಡಿ, ಬರ್ಲಿ, ಬರ್ಲಿ" ಅಂತ ಹೇಳಿಕೊಂಡೇ ಆಡುತ್ತಿದ್ದ. ಅಡುಗೆಮನೆಯಿಂದ ಅಜ್ಜಿ "ಯಾರ ಲಾರಿ ಬಂತೋ?" ಅಂತ ಕೇಳಿದರು. ಮೂರನೇ ದಿನ ಅವನ ಬಾಯಿ ಸುಮ್ಮನಾಗಿತ್ತು. ಬೆರಳು ಮಾತ್ರ ಸರಿಯಾಗಿ ಹೋಗುತ್ತಿತ್ತು.

ಇನ್ನೊಂದು ವಿಷಯ. ಓಡುತ್ತಾ ಓಡುತ್ತಾ ತಿರುಗಿಸಲು ಹೋಗಿ ಗೋಡೆಗೆ ಗುದ್ದುವುದು ಸಾಮಾನ್ಯ. ನಿಲ್ಲಿಸಿ, ತಿರುಗಿಸಿ, ಆಮೇಲೆ ಓಡಿಸಿ. ಶುರುವಿನಲ್ಲಿ ನಿಧಾನ ಅನ್ನಿಸುತ್ತದೆ, ಆದರೆ ಜೀವ ಉಳಿಯುತ್ತದೆ. ಬೆನ್ನು ತಿರುಗಿಸಿ ಓಡಬೇಕಾದಾಗ ಈ ನಿಧಾನವೇ ಕಾಟ ಕೊಡುತ್ತದೆ ಅಂತ ತಯಾರಕರಿಗೂ ಗೊತ್ತಾಗಿತ್ತು. 1999ರ ಮೂರನೇ ರೆಸಿಡೆಂಟ್ ಈವಿಲ್‌ನಲ್ಲಿ ಕೆಳಗಿನ ಬಾಣ ಹಿಡಿದು ಓಡುವ ಗುಂಡಿ ಒತ್ತಿದರೆ ಒಂದೇ ಏಟಿಗೆ ಹಿಂದಕ್ಕೆ ತಿರುಗುವ ಅನುಕೂಲ ಬಂತು. ನೀವು ಆಡುವ ಆಟದಲ್ಲಿ ಇಂಥದ್ದು ಇದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಮೂರನೇ ಹೆಜ್ಜೆ: ಚಿತ್ರ ಬದಲಾದಾಗ ಬೆರಳು ಬದಲಾಗಬಾರದು

ಕ್ಯಾಮೆರಾ ಹಾರಿದ ಕ್ಷಣ ಕಣ್ಣು ಗಾಬರಿಯಾಗುತ್ತದೆ, ಬೆರಳು ಅದರ ಹಿಂದೆ ಹೋಗುತ್ತದೆ. ಇದನ್ನು ತಡೆಯಬೇಕು. ಟ್ಯಾಂಕ್ ಕಂಟ್ರೋಲ್ ಇರುವ ಕಡೆ ಮೇಲಿನ ಬಾಣವನ್ನು ಹಾಗೇ ಒತ್ತಿಹಿಡಿಯಿರಿ, ಅವಳು ನೇರ ಹೋಗುತ್ತಾಳೆ. ಹೊಸ ಚಿತ್ರದಲ್ಲಿ ಅವಳು ಎಲ್ಲಿದ್ದಾಳೆ ಅಂತ ಕಂಡ ಮೇಲಷ್ಟೇ ತಿರುಗಿಸಿ.

ಪರದೆಯ ಲೆಕ್ಕದ ಆಟಗಳಲ್ಲೂ ಇದೇ ಉಪಾಯ ನಡೆಯುತ್ತದೆ. 2001ರ ಡೆವಿಲ್ ಮೇ ಕ್ರೈ ನೋಡಿ. ಕ್ಯಾಮೆರಾ ಬದಲಾದರೂ ಕಂಟ್ರೋಲರ್‌ನ ಕಡ್ಡಿಯನ್ನು (ಹೆಬ್ಬೆರಳಲ್ಲಿ ಎಲ್ಲ ಕಡೆಗೂ ವಾಲಿಸುವ ಸ್ಟಿಕ್) ಬಿಡದೆ ಹಿಡಿದಿದ್ದರೆ ಪಾತ್ರ ಮೊದಲಿನ ದಿಕ್ಕಿನಲ್ಲೇ ಓಡುತ್ತದೆ. ಬಿಟ್ಟು ಮತ್ತೆ ಒತ್ತಿದಾಗ ಹೊಸ ಚಿತ್ರದ ಲೆಕ್ಕ ಶುರು. ಇದು ಗೊತ್ತಿಲ್ಲದವರು ಬಾಗಿಲ ಬಳಿ ಒಳಗೆ-ಹೊರಗೆ, ಒಳಗೆ-ಹೊರಗೆ ಮಾಡುತ್ತಾ ಸಿಕ್ಕಿಬೀಳುತ್ತಾರೆ.

ಅಲ್ಲಾಡದ ಕ್ಯಾಮೆರಾದಲ್ಲಿ ಮೂಲೆಯ ಆಚೆಗಿನದು ಕಾಣುವುದಿಲ್ಲ. ಅಲ್ಲಿ ಕಿವಿಯೇ ಕಣ್ಣು. ಜೋಂಬಿಯ ನರಳಾಟ, ಕಾಲು ಎಳೆಯುವ ಸದ್ದು ಮೊದಲು ಬರುತ್ತದೆ, ಚಿತ್ರ ಆಮೇಲೆ. ಮಲೆನಾಡಿನ ಮಳೆಯಲ್ಲಿ, ಅದರಲ್ಲೂ ಶೀಟಿನ ಮಾಡಿನ ಕೆಳಗೆ, ಟಿವಿಯ ಸದ್ದು ಏನೂ ಕೇಳಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಅಕ್ಕನ ಮಗನಿಗೆ ಹೆಡ್‌ಫೋನ್ ಕೊಟ್ಟ ದಿನವೇ ಅವನ ಆಟ ಸುಧಾರಿಸಿತು.

ಚಿತ್ರದಲ್ಲಿ ಬಾಗಿಲು ಎಲ್ಲಿದೆ ಅಂತಲೇ ತಿಳಿಯದಿದ್ದರೆ ಸಹಾಯದ ಗುಂಡಿ ಹುಡುಕಿ. 1997ರ ಫೈನಲ್ ಫ್ಯಾಂಟಸಿ ಏಳರಲ್ಲಿ ಸೆಲೆಕ್ಟ್ ಒತ್ತಿದರೆ ಪಾತ್ರದ ತಲೆ ಮೇಲೆ ಕೈ ಗುರುತು ಬರುತ್ತದೆ, ಹೊರಹೋಗುವ ದಾರಿಗಳಿಗೆ ತ್ರಿಕೋನದ ಗುರುತು ಬೀಳುತ್ತದೆ. 1999ರ ಸೈಲೆಂಟ್ ಹಿಲ್‌ನಲ್ಲಿ ಕ್ಯಾಮೆರಾವನ್ನು ಬೆನ್ನ ಹಿಂದೆ ತರಲು ಬೇರೆ ಗುಂಡಿಯೇ ಇದೆ. ಆ ಆಟದ ಮಂಜು ಕೂಡ ಯಂತ್ರದ ಮಿತಿಯನ್ನು ಮರೆಮಾಡುವ ಉಪಾಯ. ದೂರದ್ದನ್ನು ಬಿಡಿಸಲು ಆಗುತ್ತಿರಲಿಲ್ಲ, ಮಂಜು ಮುಚ್ಚಿದರು. ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲೆ ಬೆಳಗಿನ ಮಂಜಿನಲ್ಲಿ ಗಾಡಿ ಓಡಿಸಿದವರಿಗೆ ಆ ಆಟ ಬೇಗ ಅರ್ಥವಾಗುತ್ತದೆ. ಎದುರಿನ ಹತ್ತು ಅಡಿ ನೋಡಿಕೊಂಡು ಹೋಗಬೇಕು, ಅಷ್ಟೇ.

ನಾಲ್ಕನೇ ಹೆಜ್ಜೆ: ಹಾರುವ ಮೊದಲು ಅಳೆಯಿರಿ

1996ರ ಟೂಂಬ್ ರೈಡರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇದರಷ್ಟು ಜನ ಬೈಯುವ, ಕಲಿತ ಮೇಲೆ ಇದರಷ್ಟು ಖುಷಿ ಕೊಡುವ ಕಂಟ್ರೋಲ್ ನಾನು ಬೇರೆ ಕಂಡಿಲ್ಲ.

ಇದರ ಗುಟ್ಟು ಒಂದೇ. ಆಟದ ಜಗತ್ತು ಪೂರ್ತಿ ಚೌಕಗಳ ಲೆಕ್ಕದಲ್ಲಿದೆ, ನೆಲಕ್ಕೆ ಹಾಸಿದ ಕಡಪ ಕಲ್ಲಿನ ಹಾಗೆ. ಆಟದ ನಾಯಕಿ ಲಾರಾಳ ಹೆಜ್ಜೆ, ನೆಗೆತ ಎಲ್ಲವೂ ಆ ಚೌಕದ ಅಳತೆಗೇ ಕೂರುತ್ತವೆ. ಹಾಗಾಗಿ ಅಂದಾಜಿನಲ್ಲಿ ಹಾರುವ ಅಗತ್ಯವೇ ಇಲ್ಲ. ಓಡಿ ಹಾರಬೇಕಾದ ಕಡೆ ಹೀಗೆ ಮಾಡಿ. ನಡೆಯುವ ಗುಂಡಿ ಹಿಡಿದು ಅಂಚಿನ ತನಕ ಹೋಗಿ. ಆ ಗುಂಡಿ ಹಿಡಿದಿರುವಷ್ಟು ಹೊತ್ತು ಅವಳು ಅಂಚಿನಿಂದ ಬೀಳುವುದಿಲ್ಲ, ತಾನೇ ನಿಲ್ಲುತ್ತಾಳೆ. ಈಗ ಗುಂಡಿ ಬಿಟ್ಟು ಕೆಳಗಿನ ಬಾಣ ಒಂದೇ ಸಲ ಒತ್ತಿ. ಒಂದು ಕುಪ್ಪಳಿಕೆ ಹಿಂದಕ್ಕೆ ಬರುತ್ತಾಳೆ. ಆಮೇಲೆ ಮುಂದಕ್ಕೆ ಒತ್ತಿ, ಕೂಡಲೇ ಹಾರುವ ಗುಂಡಿಯನ್ನೂ ಒತ್ತಿ ಹಿಡಿಯಿರಿ. ಹಾರುವ ಸಮಯ ನೀವು ನೋಡಬೇಕಿಲ್ಲ, ಸರಿಯಾಗಿ ಅಂಚಿನಿಂದಲೇ ಎದ್ದು ಹಾರುತ್ತಾಳೆ. ಗಾಳಿಯಲ್ಲಿದ್ದಾಗ ಹಿಡಿಯುವ ಗುಂಡಿ ಒತ್ತಿದ್ದರೆ ಎದುರಿನ ಅಂಚನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಅದನ್ನು ಬಿಟ್ಟರೆ ಕೆಳಗೆ ಬಿದ್ದಳು.

ಇದನ್ನೆಲ್ಲ ಕಲಿಯಲು ಗುಹೆಗೆ ಹೋಗಬೇಕಾಗಿಲ್ಲ. ಮೊದಲ ಮೆನುವಿನಲ್ಲೇ ಲಾರಾಳ ಮನೆಗೆ ಹೋಗುವ ದಾರಿ ಇದೆ. ಅಲ್ಲಿ ಅಭ್ಯಾಸಕ್ಕೆ ಅಂತಲೇ ಜಾಗ ಮಾಡಿದ್ದಾರೆ, ಏನೂ ಅಪಾಯ ಇಲ್ಲ. ಒಂದು ಸಂಜೆ ಅಲ್ಲೇ ಕಳೆಯಿರಿ.

1989ರ ಪ್ರಿನ್ಸ್ ಆಫ್ ಪರ್ಷಿಯಾಕ್ಕೂ ಇದೇ ಬುದ್ಧಿ ಬೇಕು. ಅದರಲ್ಲಿ ಕ್ಯಾಮೆರಾ ತೊಂದರೆ ಇಲ್ಲ, ಪಕ್ಕದಿಂದ ಕಾಣುತ್ತದೆ. ಆದರೆ ಗುಂಡಿ ಒತ್ತಿದ ಕ್ಷಣಕ್ಕೆ ರಾಜಕುಮಾರ ಹಾರುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ಹಾರುವುದನ್ನೂ ವಿಡಿಯೋ ಮಾಡಿ, ಅದನ್ನು ನೋಡಿ ಒಂದೊಂದು ಚಿತ್ರ ಬಿಡಿಸಿದ್ದರು. ನಿಜವಾದ ಮನುಷ್ಯನಿಗೆ ಓಟ ನಿಲ್ಲಿಸಲು ಒಂದೆರಡು ಹೆಜ್ಜೆ ಬೇಕಲ್ವಾ, ರಾಜಕುಮಾರನಿಗೂ ಬೇಕು. ಅರ್ಧ ಹೆಜ್ಜೆ ಮೊದಲೇ ಒತ್ತಿ. ಅಂಚಿನ ಹತ್ತಿರ ಶಿಫ್ಟ್ ಹಿಡಿದು ಸಣ್ಣ ಸಣ್ಣ ಹೆಜ್ಜೆ ಇಡಿಸಿ. 60 ನಿಮಿಷದಲ್ಲಿ ಮುಗಿಸಬೇಕಾದ ಆಟ ಅದು, ಆದರೆ ಮೊದಲ ವಾರ ಗಡಿಯಾರವನ್ನು ಮರೆತುಬಿಡಿ.

ಐದನೇ ಹೆಜ್ಜೆ: ನೀವೇ ತಿರುಗಿಸುವ ಕ್ಯಾಮೆರಾ

1996ರಲ್ಲೇ ಸೂಪರ್ ಮಾರಿಯೋ 64 ಬಂತು. ಅದರಲ್ಲಿ ಕ್ಯಾಮೆರಾ ತಿರುಗುತ್ತದೆ. ಇದು ಜನಕ್ಕೆ ಎಷ್ಟು ಹೊಸದಾಗಿತ್ತು ಅಂದರೆ, ಮೋಡದ ಮೇಲೆ ಕೂತ ಲಾಕಿಟು ಅನ್ನುವ ಪಾತ್ರ ಕ್ಯಾಮೆರಾ ಹಿಡಿದು ಹಾರುತ್ತಿದೆ ಅಂತ ಆಟದ ಶುರುವಿನಲ್ಲೇ ತೋರಿಸಿ ಪರಿಚಯ ಮಾಡಿಸಿದರು. ಇದನ್ನು ಹಾಗೇ ನಂಬಿ ಆಡಿ. ನಿಮ್ಮ ಹಿಂದೆ ಇನ್ನೊಬ್ಬ ಇದ್ದಾನೆ, ಅವನಿಗೂ ಗೋಡೆ ಅಡ್ಡ ಬರುತ್ತದೆ, ಅವನಿಗೂ ಜಾಗ ಬೇಕು.

ಆ ಕಾಲದ ಆಟಗಳಲ್ಲಿ ಓಡುತ್ತಾ ಓಡುತ್ತಾ ನುಣ್ಣಗೆ ಕ್ಯಾಮೆರಾ ತಿರುಗಿಸಲು ಆಗುವುದಿಲ್ಲ. ಮಾರಿಯೋ ಓಡುವ ನಿಂಟೆಂಡೊ 64 ಯಂತ್ರದ ಕಂಟ್ರೋಲರ್‌ನಲ್ಲಿ ಹಳದಿ ಸಿ ಗುಂಡಿ ಒತ್ತಿದರೆ ಒಂದೊಂದು ಹಂತ ತಿರುಗುತ್ತದೆ. ಅದಕ್ಕೆ ಮೊದಲು ನಿಲ್ಲಿ, ಕ್ಯಾಮೆರಾ ಸರಿಮಾಡಿ, ಆಮೇಲೆ ಹಾರಿ. ಓರೆಯಾಗಿ ಹಾರಬೇಡಿ. ಹಾರುವ ದಾರಿ ನಿಮ್ಮಿಂದ ನೇರ ದೂರಕ್ಕೆ ಇರಬೇಕು, ಇಲ್ಲವೇ ಸರಿಯಾಗಿ ಅಡ್ಡಕ್ಕೆ ಇರಬೇಕು. ಮತ್ತೊಂದು ಮಾತು, ಗಾಳಿಯಲ್ಲಿದ್ದಾಗ ಮಾರಿಯೋನನ್ನು ನೋಡಬೇಡಿ, ಅವನ ನೆರಳು ನೋಡಿ. ಆ ನೆರಳು ಯಾವಾಗಲೂ ನೇರ ಕೆಳಗೇ ಬೀಳುತ್ತದೆ. ನೆರಳು ಹಲಗೆಯ ಮೇಲಿದ್ದರೆ ಅವನೂ ಹಲಗೆಯ ಮೇಲೇ ಇಳಿಯುತ್ತಾನೆ. ಆ ಕಾಲದ ಎಷ್ಟೋ ಮೂರು ಆಯಾಮದ ಆಟಗಳಿಗೆ ಈ ಒಂದು ಮಾತು ಸಾಕು.

1998ರ ಝೆಲ್ಡಾ, ಒಕರಿನಾ ಆಫ್ ಟೈಮ್‌ನಲ್ಲಿ ಝಡ್ ಗುಂಡಿ ಒತ್ತಿದರೆ ಕ್ಯಾಮೆರಾ ಬೆನ್ನ ಹಿಂದೆ ಬಂದು ನಿಲ್ಲುತ್ತದೆ, ಎದುರು ಶತ್ರು ಇದ್ದರೆ ಅವನನ್ನೇ ಹಿಡಿದು ನೋಡುತ್ತದೆ. ದಿಕ್ಕು ತಪ್ಪಿದಾಗಲೆಲ್ಲ ಅದನ್ನು ಒತ್ತಿ. 2005ರ ಗಾಡ್ ಆಫ್ ವಾರ್‌ನಲ್ಲಿ ಬಲಗಡೆಯ ಕಡ್ಡಿ ಅಲ್ಲಾಡಿಸಿದರೆ ಪಾತ್ರ ಉರುಳುತ್ತದೆ, ಕ್ಯಾಮೆರಾ ತಿರುಗುವುದಿಲ್ಲ. ಅದರ ಕ್ಯಾಮೆರಾ ಆಟದ ಕೈಯಲ್ಲೇ ಇದೆ, ಬಿಟ್ಟುಬಿಡಿ.

ಆರನೇ ಹೆಜ್ಜೆ: ತಪ್ಪು ಕೈಯದೋ, ಯಂತ್ರದ್ದೋ?

ಕೆಲವು ಸಲ ನಮ್ಮ ಕೈ ಸರಿಯಾಗಿಯೇ ಇರುತ್ತದೆ. ಇಷ್ಟನ್ನು ಒಮ್ಮೆ ನೋಡಿಬಿಡಿ.

ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೋರಿಸುವುದರಿಂದ ಗುಂಡಿ ಒತ್ತಿದ್ದು ತಡವಾಗಿ ಕಾಣುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಹಳೆಯ ಡಬ್ಬಾ ಟಿವಿ ಅಟ್ಟದ ಮೇಲಿದ್ದರೆ ಇನ್ನೂ ಒಳ್ಳೆಯದು, ಇಳಿಸಿ. ಮೊದಲ ಪ್ಲೇಸ್ಟೇಷನ್‌ನ ಮೊದಲ ಕಂಟ್ರೋಲರ್‌ಗೆ ಕಡ್ಡಿಗಳೇ ಇರಲಿಲ್ಲ, ಬಾಣದ ಗುಂಡಿ ಮಾತ್ರ. ಆ ಕಾಲದ ಆಟಕ್ಕೆ ಕಡ್ಡಿ ಕೆಲಸ ಮಾಡದಿದ್ದರೆ ಗಾಬರಿಯಾಗಬೇಡಿ, ನಡುವಿನ ಅನಲಾಗ್ ಗುಂಡಿ ಒತ್ತಿ ಕೆಂಪು ದೀಪ ಆರಿಸಿ, ಬಾಣದಲ್ಲೇ ಆಡಿ. ಟ್ಯಾಂಕ್ ಕಂಟ್ರೋಲ್‌ಗೆ ಬಾಣದ ಗುಂಡಿಯೇ ಚೆಂದ ಅನ್ನುವುದು ನನ್ನ ಅಭಿಪ್ರಾಯ. ಕಡ್ಡಿಯಲ್ಲಿ ಬೆರಳು ಓರೆಯಾಗಿ ಜಾರುತ್ತದೆ.

ಹಳೆಯ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಆಟ ಅತಿ ವೇಗವಾಗಿ ಓಡುತ್ತಿದ್ದರೆ ಕೀಬೋರ್ಡಿನ ಕಂಟ್ರೋಲ್ ಗುಂಡಿಯ ಜೊತೆ ಎಫ್11 ಒತ್ತಿ ನಿಧಾನ ಮಾಡಿ, ಎಫ್12 ಒತ್ತಿ ವೇಗ ಹೆಚ್ಚಿಸಿ. ಕಂಟ್ರೋಲ್ ಜೊತೆ ಎಫ್1 ಒತ್ತಿದರೆ ಗುಂಡಿಗಳನ್ನೇ ಬದಲಾಯಿಸಬಹುದು. ಮೇಲೆ ಒತ್ತಿದರೆ ಕೆಳಗೆ ನೋಡುವ ಆಟಗಳೂ ಇವೆ, ವಿಮಾನದ ಹಿಡಿಯ ಲೆಕ್ಕ ಅದು. ಇನ್‌ವರ್ಟ್ ಅನ್ನುವ ಆಯ್ಕೆ ಹುಡುಕಿ. ಜಪಾನಿನ ಡಿಸ್ಕ್ ಆದರೆ ವೃತ್ತ ಅಂದರೆ "ಸರಿ", ಎಕ್ಸ್ ಗುರುತು ಅಂದರೆ "ಬೇಡ".

1993ರ ಡೂಮ್‌ನಲ್ಲಿ ಮೇಲೆ-ಕೆಳಗೆ ನೋಡುವುದೇ ಇಲ್ಲ. ಶತ್ರು ಎತ್ತರದಲ್ಲಿದ್ದರೂ ಅವನ ನೇರಕ್ಕೆ ನಿಂತು ಹೊಡೆಯಿರಿ, ಗುಂಡು ತಾನೇ ಏರುತ್ತದೆ. ನಮ್ಮ ಊರಿನ ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಆಡಿದ 2000ದ ಬಂದೂಕಿನ ಆಟ ಐಜಿಐನಲ್ಲಿ ಕಂಟ್ರೋಲ್ ಸುಲಭ, ಕಷ್ಟ ಬೇರೆಯೇ. ಮಿಷನ್ ನಡುವೆ ಸೇವ್ ಇಲ್ಲ.

ಎಲ್ಲವೂ ರೂಢಿಯ ಮಾತು ಅನ್ನುವುದಕ್ಕೆ ಒಂದು ಸಂಗತಿ ಹೇಳಲೇಬೇಕು. ಒಂದು ಕಡ್ಡಿಯಲ್ಲಿ ನಡೆಯುವುದು, ಇನ್ನೊಂದರಲ್ಲಿ ನೋಡುವುದು, ಇವತ್ತು ಎಲ್ಲರೂ ಆಡುವುದು ಹೀಗೆ. 2000ದಲ್ಲಿ ಏಲಿಯನ್ ರಿಸರೆಕ್ಷನ್ ಆಟ ಇದೇ ಪದ್ಧತಿ ತಂದಾಗ, ಕಂಟ್ರೋಲ್ ತುಂಬಾ ಕಷ್ಟ ಅಂತ ವಿಮರ್ಶೆಯಲ್ಲಿ ಬೈಸಿಕೊಂಡಿತ್ತು.

ಏಳನೇ ಹೆಜ್ಜೆ: ತಲೆ ಸುತ್ತಿದರೆ

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನವರಿಗೆ ವಾಂತಿ ಬರುತ್ತದೆ, ಡ್ರೈವರ್‌ಗೆ ಬರುವುದಿಲ್ಲ. ಮುಂದಿನ ತಿರುವು ಅವನ ಕೈಯಲ್ಲೇ ಇದೆ. ಆಟದಲ್ಲೂ ನಮ್ಮ ಕೈ ಮೀರಿ ಕ್ಯಾಮೆರಾ ಓಲಾಡಿದರೆ ತಲೆ ಸುತ್ತುತ್ತದೆ. ಕೋಣೆಯ ದೀಪ ಹಾಕಿ. ಟಿವಿಯಿಂದ ಹಿಂದೆ ಸರಿದು ಕೂರಿ. ನಡೆಯುವಾಗ ನೋಟ ಕುಲುಕಿಸುವ ಹೆಡ್ ಬಾಬ್ ಅನ್ನುವ ಆಯ್ಕೆ ಇದ್ದರೆ ಆಫ್ ಮಾಡಿ. ಕಂಪ್ಯೂಟರ್ ಆದರೆ ನೋಟದ ಅಗಲ (ಫೀಲ್ಡ್ ಆಫ್ ವ್ಯೂ) ಸ್ವಲ್ಪ ಹೆಚ್ಚಿಸಿ ನೋಡಿ. ಹೊಟ್ಟೆ ತೊಳಸಲು ಶುರುವಾದ ಕೂಡಲೇ ನಿಲ್ಲಿಸಿ, ಸಹಿಸಿಕೊಂಡು ಆಡಬೇಡಿ. ಹೊರಗೆ ಬಂದು ದೂರದ ತೋಟ ನೋಡಿ ನಿಂತರೆ ಸರಿಹೋಗುತ್ತದೆ. ನಾಳೆ ಇಪ್ಪತ್ತು ನಿಮಿಷ, ನಾಡಿದ್ದು ಮೂವತ್ತು.

ಹೊಸ ಕಂಟ್ರೋಲ್ ಹಾಕಿಕೊಳ್ಳಬಹುದೇ?

ಖಂಡಿತ ಹಾಕಿಕೊಳ್ಳಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ರೆಸಿಡೆಂಟ್ ಈವಿಲ್‌ನ 2015ರ ಎಚ್‌ಡಿ ಆವೃತ್ತಿಯಲ್ಲಿ ಕಡ್ಡಿ ಹಿಡಿದರೆ ಹೊಸ ಪದ್ಧತಿ, ಬಾಣ ಹಿಡಿದರೆ ಹಳೆಯದು. ಎರಡೂ ಒಂದೇ ಕಂಟ್ರೋಲರ್‌ನಲ್ಲಿ ಸಿಗುತ್ತವೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಟೂಂಬ್ ರೈಡರ್‌ನ ಮೊದಲ ಮೂರು ಆಟಗಳು 2024ರಲ್ಲಿ ಹೊಸದಾಗಿ ಬಂದಾಗಲೂ ಎರಡೂ ಆಯ್ಕೆ ಕೊಟ್ಟರು. ಆದರೆ ಟೂಂಬ್ ರೈಡರ್‌ನಲ್ಲಿ ನಾನು ಹಳೆಯದನ್ನೇ ಹಾಕಿ ಅನ್ನುತ್ತೇನೆ. ಆ ಗುಹೆಗಳೆಲ್ಲ ಚೌಕದ ಅಳತೆಗೆ ಕಟ್ಟಿದವು. ಹೊಸ ಪದ್ಧತಿಯಲ್ಲಿ ಓಡುವುದು ಸುಲಭ, ಆದರೆ ಆ ಅಂಚು, ಆ ಒಂದು ಕುಪ್ಪಳಿಕೆ, ಆ ಲೆಕ್ಕ ಕೈಗೆ ಸಿಗುವುದಿಲ್ಲ.

ಕೊನೆಯದಾಗಿ, ಸೇವ್

ಹಳೆಯ ಆಟಗಳು ತಾವಾಗಿ ಸೇವ್ ಮಾಡುವುದು ಅಪರೂಪ. ರೆಸಿಡೆಂಟ್ ಈವಿಲ್‌ನಲ್ಲಿ ಟೈಪ್‌ರೈಟರ್ ಹತ್ತಿರ ಹೋಗಿ ಇಂಕ್ ರಿಬ್ಬನ್ ಒಂದನ್ನು ಖರ್ಚು ಮಾಡಿದರೆ ಮಾತ್ರ ಸೇವ್. ರಿಬ್ಬನ್‌ಗಳು ಎಣಿಸಿದಷ್ಟೇ ಇರುತ್ತವೆ. ಬೇರೆ ಊರಿನವರು ಉಳಿಸಿ ಉಳಿಸಿ ಬಳಸಲಿ. ನಮ್ಮ ಮಲೆನಾಡಿನಲ್ಲಿ ಗಾಳಿ ಎದ್ದರೆ ಯಾವ ಮರ ಯಾವ ಲೈನ್ ಮೇಲೆ ಬೀಳುತ್ತದೋ ಗೊತ್ತಿಲ್ಲ. ಆ ವಾರ ಎರಡು ಸಲ ಕರೆಂಟ್ ಹೋಯಿತು. ಮೊದಲ ಸಲ ಹುಡುಗ ಮುಕ್ಕಾಲು ಗಂಟೆಯ ಆಟ ಕಳೆದುಕೊಂಡು ಅಳುವ ಹಾಗಾದ. ಎರಡನೇ ಸಲ ಅವನೇ ಕಿಟಕಿಯಾಚೆ ಸಿಲ್ವರ್ ಓಕ್ ಓಲಾಡುವುದನ್ನು ನೋಡಿದ. ಓಡಿಸಿಕೊಂಡು ಹೋದ, ತಿರುವಿನಲ್ಲಿ ಕ್ಯಾಮೆರಾ ಹಾರಿದರೂ ಬೆರಳು ಎತ್ತಲಿಲ್ಲ, ಎದುರು ಬರುತ್ತಿದ್ದವಳನ್ನು ಅವಳ ಎಡಕ್ಕೇ ತಿರುಗಿಸಿ ಟೈಪ್‌ರೈಟರ್ ಮುಟ್ಟಿಸಿದ. ಸೇವ್ ಪೂರ್ತಿಯಾಗುವ ತನಕ ಮೆಮೊರಿ ಕಾರ್ಡ್ ಕೀಳಬಾರದು, ಸ್ವಿಚ್ ಆರಿಸಬಾರದು. ಅದು ಮುಗಿದು ಅರ್ಧ ನಿಮಿಷಕ್ಕೆ ಕರೆಂಟ್ ಹೋಯಿತು.

"ಮಾಮ, ಆಗ್ಹೋಯ್ತು" ಅಂದ ಕತ್ತಲಲ್ಲಿ.